ಗುರುವಿನ ಮೇಲೆ ಎತ್ತಿದ ಕೈ

ಇವತ್ತು ಒಂದು ಚೀನೀ ಪದದಿಂದ ಶುರು ಮಾಡ್ತೀನಿ: ‘ಲಾವೋಶಿ’. ಅಲ್ಲಿ ಮೇಷ್ಟ್ರನ್ನು ಕರೆಯೋದೇ ಹೀಗೆ. ಲಾವೋ ಅಂದ್ರೆ ಹಿರಿಯ, ಶಿ ಅಂದ್ರೆ ಗುರು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿಯೂ ಮಕ್ಕಳ ಬಾಯಲ್ಲಿ ಲಾವೋಶಿಯೇ!

ಈ ಗೌರವಕ್ಕೆ ದೊಡ್ಡ ಮಾದರಿ ಕನ್‌ಫ್ಯೂಷಿಯಸ್. ಕ್ರಿ.ಪೂ. 551ರಲ್ಲಿ ಹುಟ್ಟಿದವನು. ಒಂದು ಕಟ್ಟು ಒಣಮಾಂಸ ತಂದುಕೊಟ್ಟರೆ ಸಾಕು, ಯಾರಿಗಾದ್ರೂ ಪಾಠ ಹೇಳ್ತಿದ್ದನಂತೆ. ಅವನು ತೀರಿಕೊಂಡಾಗ ಶಿಷ್ಯರು ಹೆತ್ತ ತಂದೆಗೆ ಮಾಡೋ ಹಾಗೆ ಮೂರು ವರ್ಷ ಶೋಕ ಆಚರಿಸಿದರು. ಜಿಗೋಂಗ್ ಅನ್ನೋ ಶಿಷ್ಯ ಮಾತ್ರ ಸಮಾಧಿ ಪಕ್ಕದಲ್ಲೇ ಆರು ವರ್ಷ ಇದ್ದನಂತೆ. ಮುಂದೆ ಎಷ್ಟೋ ಮನೆಗಳ ಪೂಜಾಫಲಕದಲ್ಲಿ ಐದು ಹೆಸರು ಬಂತು: ಆಕಾಶ, ಭೂಮಿ, ದೊರೆ, ತಂದೆತಾಯಿ, ಗುರು.

ಇಂಥ ನಾಡಲ್ಲಿ 1966ರ ಆಗಸ್ಟ್ 5ರಂದು ಏನಾಯ್ತು ಕೇಳಿ. ಮಾವೋ ಸಾಂಸ್ಕೃತಿಕ ಕ್ರಾಂತಿಗೆ ಕರೆ ಕೊಟ್ಟಿದ್ದ ಕಾಲ ಅದು. ಬೀಜಿಂಗ್‌ನ ಹೆಸರಾಂತ ಹೆಣ್ಣುಮಕ್ಕಳ ಶಾಲೆಯೊಂದರ ಉಪಪ್ರಾಂಶುಪಾಲೆ ಬಿಯಾನ್ ಝೋಂಗ್‌ಯುನ್ ಅವರನ್ನು ಅವರ ಶಾಲೆಯ ವಿದ್ಯಾರ್ಥಿನಿಯರೇ ಹೊಡೆದು ಕೊಂದರು. ಗಂಡ ಒಂದು ಕ್ಯಾಮೆರಾ ಕೊಂಡು ತಂದು ಹೆಂಡತಿಯ ಶವದ ಫೋಟೊ ತೆಗೆದಿಟ್ಟರು, ನಾಳೆಗೆ ಸಾಕ್ಷಿ ಇರಲಿ ಅಂತ. ಅದೇ ನವೆಂಬರಿನಲ್ಲಿ ರೆಡ್ ಗಾರ್ಡ್‌ಗಳು ಚೂಫು ಊರಿಗೆ ಹೋಗಿ ಕನ್‌ಫ್ಯೂಷಿಯಸ್‌ನ ಸಮಾಧಿಯನ್ನೇ ಅಗೆದು ಹಾಕಿದರು.

ಎರಡು ಸಾವಿರ ವರ್ಷದ ಸಂಸ್ಕಾರ ಒಂದೇ ಬೇಸಿಗೆಯಲ್ಲಿ ಎಲ್ಲಿ ಹೋಯ್ತು? ಇದು ನನ್ನನ್ನು ತುಂಬಾ ಕಾಡಿದ ಪ್ರಶ್ನೆ. ಆ ಫಲಕವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಗುರು ಐದನೆಯವನು, ದೊರೆ ಮೂರನೆಯವನು. ಆಗ ಮಾವೋಗಿದ್ದ ಬಿರುದುಗಳಲ್ಲಿ ‘ಮಹಾನ್ ಶಿಕ್ಷಕ’ ಅನ್ನೋದೂ ಒಂದು. 1970ರಲ್ಲಿ ಅಮೆರಿಕದ ಪತ್ರಕರ್ತ ಎಡ್ಗರ್ ಸ್ನೋ ಜೊತೆ ಮಾತಾಡುವಾಗ, ಉಳಿದ ಬಿರುದು ಹೋಗಲಿ, ಶಿಕ್ಷಕ ಅನ್ನೋದೊಂದು ಉಳಿದರೆ ಸಾಕು ಅನ್ನೋ ಅರ್ಥದಲ್ಲಿ ಮಾವೋನೇ ಹೇಳಿದ್ದ. ನನಗನ್ನಿಸೋದು ಇಷ್ಟು: ಆ ಹುಡುಗಿಯರು ಗುರುಭಕ್ತಿ ಮರೆತಿರಲಿಲ್ಲ. ಇಡೀ ದೇಶಕ್ಕೆ ಒಬ್ಬನೇ ಗುರು ಅಂತ ನಂಬಿಬಿಟ್ಟಿದ್ದರು.

1985ರಿಂದ ಸೆಪ್ಟೆಂಬರ್ 10 ಚೀನಾದಲ್ಲಿ ಶಿಕ್ಷಕರ ದಿನ. 2014ರಲ್ಲಿ ಆ ಶಾಲೆಯ ಹಳೆಯ ವಿದ್ಯಾರ್ಥಿನಿ ಸಾಂಗ್ ಬಿನ್‌ಬಿನ್, ಬಿಯಾನ್ ಅವರ ಪ್ರತಿಮೆಯ ಮುಂದೆ ತಲೆಬಾಗಿ, ಟೀಚರನ್ನು ಕಾಪಾಡಲಿಲ್ಲ ಅಂತ ಕ್ಷಮೆ ಕೇಳಿದರು. ತೊಂಬತ್ತು ದಾಟಿದ್ದ ಗಂಡ ಆ ಕ್ಷಮೆಯನ್ನು ಒಪ್ಪಲಿಲ್ಲ.

ಪಾಠ ಹೇಳಿದವರನ್ನು ಪ್ರಶ್ನೆ ಮಾಡೋಣ, ಜಗಳವನ್ನೂ ಆಡೋಣ. ಆದ್ರೆ ‘ಇವರನ್ನು ದ್ವೇಷಿಸು’ ಅಂತ ಯಾರಾದ್ರೂ ಹೇಳಿಕೊಟ್ಟರೆ, ಆ ಪಾಠವನ್ನೇ ಮೊದಲು ಪ್ರಶ್ನೆ ಮಾಡೋಣ. ಮುಂದಿನ ಕಂತಿನಲ್ಲಿ ಸಿಗೋಣ.