ನೇತ್ರಾಣಿಯಲ್ಲಿ ಸ್ಕೂಬಾ: ನಿಮ್ಮ ರಜೆ ಯಾವಾಗ, ಕಡಲು ಬಿಡುವುದು ಯಾವಾಗ?

ಜಾರ್ಜ್‌ಟೌನ್ (ಕೆನಡಾ): ಟೊರೊಂಟೊ ಪಕ್ಕದ ಈ ಊರಿನಿಂದಾಗಲಿ, ದುಬೈ, ಮಸ್ಕತ್, ದೋಹಾಗಳಿಂದಾಗಲಿ ಕರ್ನಾಟಕಕ್ಕೆ ರಜೆಗೆ ಹೋಗುವ ಕುಟುಂಬಗಳು ಸಾಮಾನ್ಯವಾಗಿ ಟಿಕೆಟ್ ತೆಗೆಯುವುದು ಜುಲೈ, ಆಗಸ್ಟ್‌ಗೆ. ಮಕ್ಕಳ ಶಾಲೆಗೆ ದೊಡ್ಡ ರಜೆ ಸಿಗೋದು ಆಗಲೇ. ಊರಿಗೆ ಹೋದಾಗ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಈಚೆಗೆ ನೇತ್ರಾಣಿಯ ಸ್ಕೂಬಾ ಡೈವಿಂಗ್ ಕೂಡ ಸೇರಿಕೊಂಡಿದೆ. ತೊಂದರೆ ಏನೆಂದರೆ, ಆ ಎರಡು ತಿಂಗಳು ನೇತ್ರಾಣಿಗೆ ಬೋಟ್ ಹೋಗುವುದೇ ಇಲ್ಲ.

ನೇತ್ರಾಣಿ ಇರುವುದು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಕಡಲಿನಲ್ಲಿ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಸುತ್ತಲೂ ನೇರ ಬಂಡೆ, ಮೇಲೆ ಕಾಡು. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ. ಹಳೆಯ ನಕ್ಷೆಗಳಲ್ಲಿ ಇದಕ್ಕೆ ಪಿಜನ್ ಐಲ್ಯಾಂಡ್ ಅನ್ನೋ ಹೆಸರು. ನೌಕಾಪಡೆ ಈ ದ್ವೀಪವನ್ನು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ್ದರಿಂದ ಪ್ರವಾಸಿಗರನ್ನು ದ್ವೀಪದ ಮೇಲೆ ಇಳಿಸುವುದಿಲ್ಲ. ನೋಡುವುದೆಲ್ಲ ನೀರಿನ ಕೆಳಗೇ. ಬಂಡೆಗಳಿಗೆ ಅಂಟಿಕೊಂಡ ಹವಳ, ಬಣ್ಣಬಣ್ಣದ ಪ್ಯಾರಟ್ ಫಿಶ್, ಬಟರ್‌ಫ್ಲೈ ಫಿಶ್, ಗಲ್ಫ್‌ನಲ್ಲಿ ನಾವು ಹಮೂರ್ ಅಂತ ತಿನ್ನುವ ಜಾತಿಯ ಮುರು ಮೀನು ಇಲ್ಲಿ ಕಾಣಸಿಗುತ್ತವೆ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' 2022ರಲ್ಲಿ ತೆರೆಗೆ ಬಂದ ಮೇಲಂತೂ ಈ ಹೆಸರು ಮನೆಮನೆಗೆ ತಲುಪಿತು.

ಈಗ ಹವಾಮಾನದ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು. ಕರಾವಳಿಯ ಯಾಂತ್ರಿಕ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ ಇರುತ್ತದೆ. ಅಂದಮೇಲೆ ಪ್ರವಾಸಿ ಬೋಟ್ ಮಾತು ದೂರ. ಅಲೆ ಒಂದೇ ಕಾರಣವಲ್ಲ. ಶರಾವತಿಯಂಥ ಹೊಳೆಗಳು ಘಟ್ಟದ ಮಣ್ಣನ್ನೆಲ್ಲ ಕಡಲಿಗೆ ತಂದು ಸುರಿಯುತ್ತವೆ, ಕೆಳಗೆ ಹೋದರೂ ಕೈ ಚಾಚಿದಷ್ಟು ದೂರ ಕಾಣುವುದಿಲ್ಲ. ಮಳೆ ನಿಂತ ಮೇಲೂ ನೀರು ತಕ್ಷಣ ತಿಳಿಯಾಗದು. ತಳದ ತಂಪು ನೀರು ಮೇಲೆ ಬಂದು, ಅದರ ಜೊತೆ ಬಂದ ಪೋಷಕಾಂಶದಿಂದ ಸೂಕ್ಷ್ಮ ಪಾಚಿ ಬೆಳೆದು, ಕಡಲು ಹಸಿರು ಹಸಿರಾಗಿರುತ್ತದೆ.

ಸೀಸನ್ ಅಕ್ಟೋಬರ್‌ನಲ್ಲಿ ಶುರು ಅಂತ ಜಾಹೀರಾತುಗಳಲ್ಲಿ ಇರುತ್ತದೆ. ಆದರೆ ಅಕ್ಟೋಬರ್ ನಂಬಿ ದೂರದಿಂದ ಟಿಕೆಟ್ ತೆಗೆಯುವುದು ಜಾಣತನವಲ್ಲ. 2019ರ ಅಕ್ಟೋಬರ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಎದ್ದ ಕ್ಯಾರ್ ಚಂಡಮಾರುತ ನೆನಪಿರಬಹುದು. ಇನ್ನೊಂದು ತುದಿಯಲ್ಲಿ ಮೇ ತಿಂಗಳೂ ಹಾಗೇ. 2021ರ ಮೇ ಮಧ್ಯದಲ್ಲಿ ತೌಕ್ತೆ ಇದೇ ಕರಾವಳಿಯನ್ನು ಅಲ್ಲಾಡಿಸಿ ಹೋಯಿತು. ಹಾಗಾಗಿ ಭರವಸೆಯ ಕಾಲ ಡಿಸೆಂಬರ್‌ನಿಂದ ಫೆಬ್ರವರಿ. ಆಗ ಕಡಲು ಶಾಂತ, ಒಳ್ಳೆಯ ದಿನ 15–20 ಮೀಟರ್ ದೂರ ಸ್ಪಷ್ಟವಾಗಿ ಕಾಣುತ್ತದೆ. ಮಾರ್ಚ್, ಏಪ್ರಿಲ್ ಕೂಡ ಪರವಾಗಿಲ್ಲ, ಬಿಸಿಲು ಜಾಸ್ತಿ ಅಷ್ಟೇ. ಯಾವ ತಿಂಗಳಾದರೂ ಬೆಳಗಿನ ಬೋಟ್ ಕೇಳಿ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಎದ್ದು, ವಾಪಸ್ ಬರುವ ಒಂದೂವರೆ ಗಂಟೆಯಲ್ಲಿ ಅರ್ಧ ಜನ ವಾಂತಿ ಮಾಡುತ್ತಿರುತ್ತಾರೆ.

ಮೊದಲ ಬಾರಿ ಇಳಿಯುವವರಿಗೆ ಈಜು ಬರಲೇಬೇಕೆಂದಿಲ್ಲ, ಬೋಧಕರು ಕೈಬಿಡದೆ ಜೊತೆಗಿರುತ್ತಾರೆ. ಆಳದ ಮಿತಿ 12 ಮೀಟರ್. 10 ಮೀಟರ್ ಕೆಳಗೆ ಒತ್ತಡ ನೆಲದ ಮೇಲಿನದರ ಎರಡು ಪಟ್ಟು. ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಬೇಕು. ಮೇಲೆ ಬರುವಾಗ ಉಸಿರು ಕಟ್ಟಲೇಬಾರದು. ನೆಗಡಿ ಇದ್ದರೆ ಮಾತ್ರೆ ನುಂಗಿ ಇಳಿಯುವ ಸಾಹಸ ಬೇಡ. ಅಸ್ತಮಾ, ಹೃದಯದ ತೊಂದರೆ, ಬಿ.ಪಿ., ಶುಗರ್ ಇದ್ದವರು ಡಾಕ್ಟರನ್ನು ಕೇಳಿಯೇ ಹೋಗಬೇಕು. ಆರೋಗ್ಯದ ಫಾರ್ಮ್‌ನಲ್ಲಿ ಎಲ್ಲದಕ್ಕೂ 'ಇಲ್ಲ' ಅಂತ ಟಿಕ್ ಹಾಕಿ ಸಹಿ ಮಾಡುವ ನಮ್ಮವರ ಅಭ್ಯಾಸ ಇಲ್ಲಿ ಅಪಾಯಕಾರಿ.

ಎಲ್ಲಕ್ಕಿಂತ ಮುಖ್ಯ ವಿಷಯ ವಿಮಾನದ್ದು. ಒತ್ತಡದಲ್ಲಿ ಉಸಿರಾಡುವಾಗ ಗಾಳಿಯ ನೈಟ್ರೋಜನ್ ರಕ್ತ, ಮಾಂಸಖಂಡಗಳಲ್ಲಿ ಕರಗಿರುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ವಿಮಾನದೊಳಗಿನ ಒತ್ತಡ 2,000 ಮೀಟರ್‌ಗಿಂತ ಎತ್ತರದ ಬೆಟ್ಟದ ಮೇಲಿರುವಷ್ಟು ಕಡಿಮೆಯಾಗಬಹುದು. ಆಗ ಸೋಡಾ ಬಾಟಲಿ ಮುಚ್ಚಳ ತೆಗೆದಂತೆ ಗುಳ್ಳೆಗಳೇಳುತ್ತವೆ. ಕೀಲು ನೋವು, ಜುಮುಜುಮು, ತಲೆಸುತ್ತು, ಕೆಲವರಿಗೆ ಪಾರ್ಶ್ವವಾಯುವಿನವರೆಗೂ ಹೋಗುತ್ತದೆ. ಒಂದೇ ಸಲ ಇಳಿದಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಇಳಿದಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಎಂಬುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ. 24 ಗಂಟೆ ಬಿಟ್ಟರೆ ಇನ್ನೂ ನಿಶ್ಚಿಂತೆ. ರಜೆಯ ಕೊನೆಯ ದಿನ ಬೆಳಿಗ್ಗೆ ನೇತ್ರಾಣಿ, ರಾತ್ರಿ ಮಂಗಳೂರಿನಿಂದ ಫ್ಲೈಟ್ ಅನ್ನೋ ಪ್ಲಾನ್ ಇದ್ದರೆ ಈಗಲೇ ಬದಲಾಯಿಸಿಕೊಳ್ಳಿ. ಬೆಂಗಳೂರಿನವರು ಇನ್ನೊಂದು ಮರೆಯುತ್ತಾರೆ. ಬೆಂಗಳೂರು ಇರುವುದೇ 900 ಮೀಟರ್ ಎತ್ತರದಲ್ಲಿ. ಡೈವ್ ಮುಗಿಸಿ ಅದೇ ಸಂಜೆ ಬಸ್ಸಿನಲ್ಲಿ ಘಟ್ಟ ಹತ್ತುವುದೂ ಒಳ್ಳೆಯದಲ್ಲ. ಒಂದು ರಾತ್ರಿ ಮುರ್ಡೇಶ್ವರದಲ್ಲೋ ಉಡುಪಿಯಲ್ಲೋ ಉಳಿಯಿರಿ, ರೂಮಿನ ಬಾಡಿಗೆ ಆಸ್ಪತ್ರೆಯ ಬಿಲ್ಲಿಗಿಂತ ಕಡಿಮೆ.

ದುಡ್ಡಿನ ವಿಚಾರ. ಪ್ಯಾಕೇಜ್‌ನಲ್ಲಿ ಬೋಟ್, ಸಲಕರಣೆ, ಬೋಧಕ, ವಿಡಿಯೊ ಸೇರಿದೆಯೇ, ನೀರಿನೊಳಗೆ ನಿಜವಾಗಿ ಎಷ್ಟು ನಿಮಿಷ, ಹವಾಮಾನ ಕೆಟ್ಟು ಬೋಟ್ ರದ್ದಾದರೆ ಹಣ ವಾಪಸ್ಸೋ ಬೇರೆ ದಿನವೋ ಎಂಬುದನ್ನು ಮುಂಗಡ ಕಟ್ಟುವ ಮೊದಲು ಬರಹದಲ್ಲಿ ಪಡೆಯಿರಿ. ರಸೀದಿ ಇಟ್ಟುಕೊಳ್ಳಿ. ಟ್ರಾವೆಲ್ ಇನ್ಶೂರೆನ್ಸ್‌ಗಳಲ್ಲಿ ಸ್ಕೂಬಾವನ್ನು ಹೊರಗಿಟ್ಟಿರುವುದು ಸಾಮಾನ್ಯ, ಸಣ್ಣ ಅಕ್ಷರ ಓದಿ.

ಜಾರ್ಜ್‌ಟೌನ್ ಕಡೆಯವರಿಗೆ ಬೇಸಿಗೆಯಲ್ಲಿ ಬೇರೆ ದಾರಿ ಇದೆ. ಕಾರಿನಲ್ಲಿ ಮೂರೂವರೆ, ನಾಲ್ಕು ಗಂಟೆ ಉತ್ತರಕ್ಕೆ ಹೋದರೆ ಟೊಬರ್ಮೊರಿ. ಅಲ್ಲಿ 1987ರಲ್ಲಿ ಸ್ಥಾಪನೆಯಾದ ಫ್ಯಾದಮ್ ಫೈವ್ ರಾಷ್ಟ್ರೀಯ ಜಲ ಉದ್ಯಾನ, ಫ್ಲವರ್‌ಪಾಟ್ ಎಂಬ ಸುಣ್ಣಕಲ್ಲಿನ ದ್ವೀಪ, ನೀರಿನಡಿ ಇಪ್ಪತ್ತಕ್ಕೂ ಹೆಚ್ಚು ಮುಳುಗಿದ ಹಡಗುಗಳು ಇವೆ. 1885ರಲ್ಲಿ ಮುಳುಗಿದ ಸ್ವೀಪ್‌ಸ್ಟೇಕ್ಸ್ ಹಡಗು ಬಂದರಿನ ಆಳವಿಲ್ಲದ ನೀರಿನಲ್ಲೇ ಇದೆ, ಬೋಟಿನಿಂದಲೇ ಕಾಣುತ್ತದೆ. ಆದರೆ ಅದು ನೇತ್ರಾಣಿಯ 28 ಡಿಗ್ರಿಯ ನೀರಲ್ಲ. ಆಗಸ್ಟ್‌ನಲ್ಲೂ ಆಳದಲ್ಲಿ 4 ಡಿಗ್ರಿ ಆಸುಪಾಸು, ದಪ್ಪ ಸೂಟ್ ಇಲ್ಲದೆ ಆಗದು. ಡೈವರ್‌ಗಳು ಉದ್ಯಾನದಲ್ಲಿ ಮೊದಲು ನೋಂದಣಿ ಮಾಡಿಸಬೇಕು.

ಗಲ್ಫ್‌ನವರಿಗೆ ಫುಜೈರಾದ ಸ್ನೂಪಿ ಐಲ್ಯಾಂಡ್, ಮಸ್ಕತ್ ಸಮೀಪದ ದೈಮಾನಿಯಾತ್ ದ್ವೀಪಗಳು ಹತ್ತಿರ. ನೇತ್ರಾಣಿಗೆ ಹೋಗುವ ಮೊದಲು ಇಲ್ಲಿಯೇ ಓಪನ್ ವಾಟರ್ ಕೋರ್ಸ್ ಮುಗಿಸಿದವರಿಗೆ ಊರಲ್ಲಿ 12 ಮೀಟರ್‌ನ ಮಿತಿ ಇರುವುದಿಲ್ಲ, 18 ಮೀಟರ್‌ವರೆಗೆ ಇಳಿಯಬಹುದು. ಕಾರ್ಡ್ ಮರೆಯದೆ ಜೊತೆಗೆ ಒಯ್ಯಿರಿ.