ಆರ್ಮೆರೊ: ಎರಡು ಗಂಟೆ ಕೈತಪ್ಪಿದ ಊರು

1985ರ ನವೆಂಬರ್ 13. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ ರಾತ್ರಿ 9 ಗಂಟೆ ದಾಟಿ ಕೆಲವೇ ನಿಮಿಷಗಳಾಗಿದ್ದವು. ಆಂಡೀಸ್ ಪರ್ವತಸಾಲಿನ ನೆವಾಡೊ ಡೆಲ್ ರೂಯಿಸ್ ಜ್ವಾಲಾಮುಖಿ ಸ್ಫೋಟಿಸಿತು. ಸ್ಫೋಟವೇನೂ ಬಹಳ ದೊಡ್ಡದಲ್ಲ. ಆದರೆ 5,300 ಮೀಟರ್ ಎತ್ತರದ ಆ ಪರ್ವತದ ನೆತ್ತಿಯ ಮೇಲೆ ಹಿಮ ತುಂಬಿತ್ತು. ಬಿಸಿ ಬೂದಿ, ಕಲ್ಲುಗಳ ಶಾಖಕ್ಕೆ ಅದರಲ್ಲಿ ಸುಮಾರು ಹತ್ತನೇ ಒಂದು ಭಾಗ ಕರಗಿ ಕಣಿವೆಗಳಿಗೆ ಇಳಿಯಿತು. ಹನ್ನೊಂದೂವರೆಯ ಹೊತ್ತಿಗೆ ಆ ಪ್ರವಾಹ 70 ಕಿ.ಮೀ.ಗೂ ಹೆಚ್ಚು ದೂರದಲ್ಲಿದ್ದ ಆರ್ಮೆರೊ ಪಟ್ಟಣವನ್ನು ಹೂತುಹಾಕಿತು. ಅಲ್ಲಿನ ಸುಮಾರು 29 ಸಾವಿರ ಜನರಲ್ಲಿ 20 ಸಾವಿರದಷ್ಟು ಮಂದಿ ಸತ್ತರು.

ಊರನ್ನು ನುಂಗಿದ್ದು ಬರೀ ನೀರಲ್ಲ. ಕಡಿದಾದ ಕಣಿವೆಯಲ್ಲಿ ಧುಮ್ಮಿಕ್ಕುವ ನೀರು ದಾರಿಯ ಮಣ್ಣು, ಮರ, ಬಂಡೆಗಳನ್ನೆಲ್ಲ ಸೇರಿಸಿಕೊಂಡು ಹಸಿ ಕಾಂಕ್ರೀಟಿನಂತೆ ದಪ್ಪವಾಗುತ್ತದೆ. ಮುಂದೆ ಹೋದಂತೆ ಅದರ ಗಾತ್ರವೂ ಹಿಗ್ಗುತ್ತದೆ. ಜ್ವಾಲಾಮುಖಿಯ ಮೈಮೇಲಿನಿಂದ ಹೀಗೆ ಇಳಿಯುವ ಕೆಸರಿಗೆ ವಿಜ್ಞಾನಿಗಳು ಜಾವಾ ದ್ವೀಪದ ಭಾಷೆಯಿಂದ ಪಡೆದ ‘ಲಹಾರ್’ ಎಂಬ ಹೆಸರನ್ನೇ ಬಳಸುತ್ತಾರೆ.

ಆರ್ಮೆರೊಗೆ ಈ ಅಪಾಯ ಹೊಸದಾಗಿರಲಿಲ್ಲ. 1595ರಲ್ಲಿ ಇದೇ ಪರ್ವತದಿಂದ ಕೆಸರು ಹರಿದು ನೂರಾರು ಜನ ಸತ್ತಿದ್ದರು. 1845ರಲ್ಲಿ ಸುಮಾರು ಒಂದು ಸಾವಿರ ಜನ ಸತ್ತರು. ಆ ಕೆಸರು ಒಣಗಿ ಫಲವತ್ತಾದ ನೆಲವಾಯಿತು. ಅದರ ಮೇಲೆಯೇ ಆರ್ಮೆರೊ ಬೆಳೆಯಿತು. 1985ರ ಅಕ್ಟೋಬರಿನಲ್ಲಿ ಸಿದ್ಧವಾದ ಅಪಾಯದ ನಕ್ಷೆಯಲ್ಲಿ ಊರು ಪ್ರವಾಹದ ಹಾದಿಯಲ್ಲಿದೆ ಎಂದು ಗುರುತಿಸಲಾಗಿತ್ತು. ಆದರೆ ಜನರನ್ನು ತೆರವುಗೊಳಿಸುವ ಖರ್ಚು, ಮುನ್ಸೂಚನೆ ಸುಳ್ಳಾದೀತೆಂಬ ಅಳುಕು ಅಧಿಕಾರಿಗಳ ಕೈ ಕಟ್ಟಿದ್ದವು. ದುರಂತದ ದಿನ ಮಧ್ಯಾಹ್ನದ ನಂತರ ಊರಿನ ಮೇಲೆ ಬೂದಿ ಉದುರಿತು. ಗಾಬರಿಯಾಗದೆ ಮನೆಯಲ್ಲೇ ಇರುವಂತೆ ರೇಡಿಯೋದಲ್ಲಿ ಹೇಳಲಾಯಿತು. ಸ್ಫೋಟಕ್ಕೂ ಕೆಸರಿನ ಆಗಮನಕ್ಕೂ ನಡುವೆ ಎರಡು ಗಂಟೆಗೂ ಹೆಚ್ಚು ಸಮಯವಿತ್ತು. ಹತ್ತಿರದಲ್ಲೇ ಎತ್ತರದ ನೆಲವೂ ಇತ್ತು. ಜನ ಹೊರಡಲಿಲ್ಲ.

ಕೆಸರು ಹೊರಟಿದೆ ಎಂದು ಮೊದಲೇ ತಿಳಿಯುವುದು ಹೇಗೆ? ಹಳ್ಳಕ್ಕೆ ಅಡ್ಡಲಾಗಿ ತಂತಿ ಕಟ್ಟುವುದು ಹಳೆಯ ಉಪಾಯ. ಪ್ರವಾಹ ತಂತಿಯನ್ನು ಹರಿದೊಡನೆ ಕೆಳಗೆ ಗಂಟೆ ಬಾರಿಸುತ್ತದೆ. ಜಪಾನಿನ ಮಲೆನಾಡು ಕಣಿವೆಗಳಲ್ಲಿ ಇದು ಬಳಕೆಯಲ್ಲಿದೆ. ಆದರೆ ಪ್ರಾಣಿಯೊಂದು ಎಡವಿದರೂ ತಂತಿ ಹರಿಯಬಹುದು. ಒಮ್ಮೆ ಹರಿದರೆ ಮತ್ತೆ ಕಟ್ಟುವವರೆಗೆ ಕಾವಲಿಲ್ಲ.

ಆರ್ಮೆರೊ ದುರಂತದ ನಂತರ, 1986ರಲ್ಲಿ, ಜ್ವಾಲಾಮುಖಿ ಅಪಾಯ ಎದುರಿಸುವ ದೇಶಗಳಿಗೆ ನೆರವಾಗಲು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಒಂದು ತಂಡ ಕಟ್ಟಿತು. ಅದೇ ಸಂಸ್ಥೆಯ ವಿಜ್ಞಾನಿಗಳು ನೆಲದ ಕಂಪನದಿಂದಲೇ ಕೆಸರನ್ನು ಗುರುತಿಸುವ ಉಪಕರಣ ರೂಪಿಸಿದರು. ಬಂಡೆ ಉರುಳಿಸುತ್ತ ಬರುವ ಕೆಸರು ಸೆಕೆಂಡಿಗೆ ಸುಮಾರು 30ರಿಂದ 80 ಬಾರಿ ನೆಲವನ್ನು ಅದುರಿಸುತ್ತದೆ. ಜ್ವಾಲಾಮುಖಿಯ ಭೂಕಂಪದ ಅದುರು ಇದಕ್ಕಿಂತ ನಿಧಾನದ್ದು. ಕಣಿವೆಯ ದಡದಲ್ಲಿ ಹೂತ ಉಪಕರಣ ಈ ವ್ಯತ್ಯಾಸ ಹಿಡಿದು ರೇಡಿಯೋ ಮೂಲಕ ಸುದ್ದಿ ಮುಟ್ಟಿಸುತ್ತದೆ. 1991ರಲ್ಲಿ ಸ್ಫೋಟಿಸಿದ ಫಿಲಿಪೀನ್ಸಿನ ಪಿನಾಟುಬೊ ಸುತ್ತ ಇದನ್ನು ಬಳಸಲಾಯಿತು. 1998ರಲ್ಲಿ ಅಮೆರಿಕದ ರೇನಿಯರ್ ಪರ್ವತದ ಕಣಿವೆಗಳಲ್ಲೂ ಅಳವಡಿಸಲಾಯಿತು. ಅಲ್ಲಿನ ಆರ್ಟಿಂಗ್ ಪಟ್ಟಣವೂ ಸುಮಾರು 500 ವರ್ಷ ಹಿಂದಿನ ಕೆಸರಿನ ಮೇಲೆಯೇ ನಿಂತಿದೆ. ಶಾಲಾ ಮಕ್ಕಳಿಗೆ ಎತ್ತರದ ಜಾಗಕ್ಕೆ ನಡೆದು ಸೇರುವ ಅಭ್ಯಾಸವನ್ನೂ ಮಾಡಿಸಲಾಗುತ್ತದೆ.

ಇಂಥ ಸಿದ್ಧತೆಯ ಫಲ ಕಂಡದ್ದು ಕೊಲಂಬಿಯಾದಲ್ಲೇ. ನೆವಾಡೊ ಡೆಲ್ ಉಯಿಲಾ ಎಂಬ ಮತ್ತೊಂದು ಹಿಮಪರ್ವತದ ಕೆಳಗೆ ಪಾಎಸ್ ನದಿಯ ಕಣಿವೆ ಇದೆ. 1994ರ ಜೂನ್ 6ರಂದು ಅಲ್ಲಿ ಭೂಕಂಪವಾಗಿ ಗುಡ್ಡಗಳು ಜರಿದು, ಕೆಸರು ಹರಿದು ನೂರಾರು ಜನ ಸತ್ತಿದ್ದರು. ಆಮೇಲೆ ಕಣಿವೆಯಲ್ಲಿ ಉಪಕರಣಗಳು ಬಂದವು. ಎಚ್ಚರಿಕೆ ಬಂದರೆ ಎಲ್ಲಿಗೆ ಓಡಬೇಕೆಂಬುದನ್ನೂ ಜನ ಕಲಿತರು. 2007ರ ಏಪ್ರಿಲಿನಲ್ಲಿ ಉಯಿಲಾ ಸ್ಫೋಟಿಸಿ ಕೆಸರು ಬಂದಾಗ ಸಾವಿರಾರು ಜನ ಸಮಯಕ್ಕೆ ಸರಿಯಾಗಿ ಮೇಲೇರಿದರು. ಯಾರೂ ಸಾಯಲಿಲ್ಲ. 2008ರ ನವೆಂಬರ್ 20ರಂದು ಆರ್ಮೆರೊಗಿಂತಲೂ ದೊಡ್ಡ ಪ್ರವಾಹ ಬಂತು. ಆಗ ಸತ್ತವರು ಸುಮಾರು ಹತ್ತು ಮಂದಿ.

ಆರ್ಮೆರೊವನ್ನು ಮತ್ತೆ ಕಟ್ಟಲಿಲ್ಲ. ಕೆಸರಿನಡಿ ಊರು, ಅದರ ಮೇಲೆ ಸಮಾಧಿಯ ಶಿಲುಬೆಗಳು ಉಳಿದಿವೆ. ಅಂದು ಆ ಊರಿಗೆ ನಕ್ಷೆಯ ಕೊರತೆ ಇರಲಿಲ್ಲ, ಸಮಯದ ಕೊರತೆಯೂ ಇರಲಿಲ್ಲ. ‘ಈಗಲೇ ಹೊರಡಿ’ ಎಂದು ಖಚಿತವಾಗಿ ಹೇಳುವವರು ಇರಲಿಲ್ಲ.