ಹೊಲದ ಬದುವಿನ ವೀರಗಲ್ಲು

ಶಿವಮೊಗ್ಗೆಯ ಶಿವಪ್ಪನಾಯಕನ ಅರಮನೆಯ ಆವರಣದಲ್ಲಿ ಕಾಪಿಟ್ಟಿರುವ ವೀರಗಲ್ಲುಗಳನ್ನು ತಾವು ಕಂಡಿರಬಹುದು. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ಮಡಿದವನನ್ನು ಕರೆದೊಯ್ಯುವ ದೇವಾಂಗನೆಯರು, ಮೇಲೆ ಶಿವಸಾನ್ನಿಧ್ಯ. ಶಿರೋಭಾಗದ ಸೂರ್ಯಚಂದ್ರರು ಈ ಕೀರ್ತಿಯು ಶಾಶ್ವತವಾಗಿರಲೆಂಬುದರ ಕುರುಹು. ತುರುಗಳನ್ನು ಬಿಡಿಸಹೋಗಿ ಮಡಿದ ಸಾಮಾನ್ಯನಿಗೂ ಊರವರು ಇಂಥ ಕಲ್ಲನ್ನು ನಿಲ್ಲಿಸಿ ಪೂಜಿಸುತ್ತಿದ್ದರು.

ಈ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದ 7 ಮತ್ತು 8ನೆಯ ಸಂಪುಟಗಳಲ್ಲಿ, 1902 ಮತ್ತು 1904ರಲ್ಲಿ ಪ್ರಕಟಿಸಿದರು, ಊರು, ಕಲ್ಲಿರುವ ಸ್ಥಳ ಎರಡನ್ನೂ ನಮೂದಿಸಿದರು. ಆದರೆ ಅದು ಶಾಸನಸಂಗ್ರಹ. ಬರಹವಿಲ್ಲದ ಕಲ್ಲಿಗೆ ಅದರಲ್ಲಿ ಎಡೆಯಿರಲಿಲ್ಲ. ಭದ್ರಾವತಿಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಪೂಜೆಯುಂಟು. ಹೊಲದ ಬದುವಿನ ಮೂಕಗಲ್ಲಿಗೆ ಅರ್ಚಕನಾರು? ಒಂದು ಬಟ್ಟೆಯೊಗೆಯುವ ಬಂಡೆಯಾಗುತ್ತದೆ. ಮತ್ತೊಂದು ಕಾಲುವೆಯ ಹಾಸಾಗುತ್ತದೆ. ಇನ್ನೊಂದನ್ನು ನಿಧಿಯಾಸೆಯವರು ಬುಡಮೇಲು ಮಾಡುತ್ತಾರೆ.

ಸಂಗ್ರಹಾಲಯಕ್ಕೆ ತಂದರೆ ಕಲ್ಲು ಉಳಿಯುತ್ತದೆ, ದಿಟ. ಆದರೆ ಅದು ನಿಂತಿದ್ದ ನೆಲವನ್ನು ಬರೆದಿಡದಿದ್ದರೆ, ವೀರನು ಯಾವ ಊರಿಗಾಗಿ ಮಡಿದನೆಂಬುದೇ ಅಳಿಯುತ್ತದೆ. ಆದುದರಿಂದ, ಕಲ್ಲನ್ನು ಅಲುಗಿಸುವ ಮೊದಲು ಅದರ ಚಿತ್ರ, ಸ್ಥಳ, ಊರವರು ಕರೆಯುವ ಹೆಸರು, ಇವಿಷ್ಟನ್ನು ದಾಖಲಿಸಿಕೊಳ್ಳೋಣ. ಹೆಸರಿಲ್ಲದ ವೀರನಿಗೆ ಊರಾದರೂ ಉಳಿಯಲಿ.